ಕಾರಿಗಿಂತ ಮೊದಲು ಮಗುವಿನ ಸೀಟು ಕೊಳ್ಳಿ

ಕಳೆದ ಬೇಸಿಗೆಯ ಒಂದು ಭಾನುವಾರ ಸಂಜೆ. ನಿಜಲಿಂಗಪ್ಪ ಬಡಾವಣೆಯ ನನ್ನ ದವಾಖಾನೆಗೆ ಯುವಕನೊಬ್ಬ ಮಗುವನ್ನು ಎದೆಗವಚಿಕೊಂಡು ಓಡಿ ಬಂದ. ಹಿಂದೆಯೇ ಅಳುತ್ತಾ ಮಗುವಿನ ತಾಯಿ. ಒಂದೂವರೆ ವರ್ಷದ ಮಗುವಿನ ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಹರಿಹರದಿಂದ ಬರುವಾಗ ನಾಯಿ ಅಡ್ಡ ಬಂತಂತೆ. ಜೋರಾಗಿ ಬ್ರೇಕ್ ಒತ್ತಿದನಂತೆ. ಅಷ್ಟೆ. ಡಿಕ್ಕಿಯಾಗಲಿಲ್ಲ, ಕಾರಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಮಗು ಜಾರಿ ಡ್ಯಾಶ್‌ಬೋರ್ಡಿಗೆ ಬಡಿದಿತ್ತು.

ಮೂರು ಹೊಲಿಗೆ ಹಾಕಿದೆ. ವಾಂತಿಯಾಗಲಿ, ಮಂಪರಾಗಲಿ ಇರಲಿಲ್ಲ. ಆದರೂ ಒಂದು ದಿನ ನಿಗಾ ಇಡಲು ಹೇಳಿದೆ. ಮಗು ಸಮಾಧಾನವಾದ ಮೇಲೆ ಕಾರಿನ ವಿಷಯ ಕೇಳಿದೆ. ಆತನ ಮುಖ ಅರಳಿತು. ಎರಡು ತಿಂಗಳು ಎಲ್ಲ ವಿಚಾರಿಸಿ, ಐದಾರು ಕಾರು ಓಡಿಸಿ ನೋಡಿ ಆರಿಸಿದ್ದನಂತೆ. ಟರ್ಬೊ ಎಂಜಿನ್, ಸನ್‌ರೂಫ್, ದೊಡ್ಡ ಪರದೆ. ‘ಓಡ್ಸಾಕೆ ಭಾಳ ಮಜಾ ಐತೆ ಸಾರ್’ ಎಂದ. ‘ಮಗುವಿನ ಸೀಟು ಅದರಲ್ಲಿ ಹಿಡಿಸುತ್ತದೆಯೇ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ನೋಡ್ಲಿಲ್ಲ ಸಾರ್’ ಎಂದ.

ಆತನನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಕಾರು ಓಡಿಸುವ ಹುಚ್ಚು ನನಗೂ ಇದೆ. ದಿನವಿಡೀ ಕೆಮ್ಮು, ಜ್ವರ, ಸಕ್ಕರೆ ಕಾಯಿಲೆ ನೋಡಿದ ಮೇಲೆ ಹೆದ್ದಾರಿಯಲ್ಲಿ ಒಂದು ಗಂಟೆ ಕಾರು ಓಡಿಸಿದರೆ ಮನಸ್ಸು ಹಗುರಾಗುತ್ತದೆ. ಆದ್ದರಿಂದ ಮಕ್ಕಳಾದ ಮೇಲೆ ಓಡಿಸುವ ಖುಷಿಯನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ಮೊದಲು ಮಗುವಿನ ಸೀಟು ಕೊಳ್ಳಿ. ಆಮೇಲೆ ಆ ಸೀಟು ಸರಿಯಾಗಿ ಕೂರುವ ಕಾರುಗಳಲ್ಲಿ ನಿಮಗೆ ಖುಷಿ ಕೊಡುವುದನ್ನು ಆರಿಸಿ. ಈ ಕ್ರಮ ತಲೆಕೆಳಗಾಗಬಾರದು.

ಮಡಿಲು ಯಾಕೆ ಸಾಲದು?

‘ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಯಾವುದು ಡಾಕ್ಟ್ರೇ?’ ಎಂದು ಅಜ್ಜಿಯರು ಕೇಳುತ್ತಾರೆ. ಮನೆಯಲ್ಲಿ ಆ ಮಾತು ಸರಿ. ಕಾರಿನಲ್ಲಿ ಅದೇ ಅತ್ಯಂತ ಅಪಾಯದ ಜಾಗ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿಯಾಗಿ ನಿಂತರೆ, ಒಳಗಿರುವವರಿಗೆ ಬೀಳುವ ಪೆಟ್ಟು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಅಂತಸ್ತಿನಿಂದ ಬಿದ್ದಂತೆ. ಅರ್ಧ ಮೀಟರಿನಷ್ಟು ಅಂತರದಲ್ಲಿ ಆ ವೇಗ ಸೊನ್ನೆಯಾದರೆ, 10 ಕಿಲೋ ತೂಕದ ಮಗುವನ್ನು ಹಿಡಿದುಕೊಳ್ಳಲು ಸುಮಾರು 200 ಕಿಲೋ ಭಾರ ತಡೆಯುವಷ್ಟು ಶಕ್ತಿ ಬೇಕು. ಎರಡು ಅಕ್ಕಿ ಮೂಟೆಗಳನ್ನು ಗಾಳಿಯಲ್ಲಿ ಹಿಡಿಯಬಲ್ಲ ತಾಯಿ ಎಲ್ಲಿದ್ದಾಳೆ? ಆಕೆಯೂ ಬೆಲ್ಟ್ ಹಾಕಿಲ್ಲದಿದ್ದರೆ ಅವಳ ಮೈಯ ಭಾರವೇ ಮಗುವಿನ ಮೇಲೆ ಬೀಳುತ್ತದೆ. ಮುಂದಿನ ಸೀಟಿನಲ್ಲಿದ್ದರೆ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುವ ಏರ್‌ಬ್ಯಾಗ್‌ಗೆ ಮೊದಲು ಸಿಗುವುದು ಮಗುವೇ.

ಎಳೆಯ ಮಗುವಿನ ದೇಹರಚನೆಯೂ ಬೇರೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ಅಷ್ಟು ಭಾರದ ತಲೆಯನ್ನು ಹೊರುವ ಕುತ್ತಿಗೆಯ ಮೂಳೆ, ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಮುಖ ಮುಂದಕ್ಕಿದ್ದರೆ ತಲೆ ಮುಂದಕ್ಕೆ ಎಸೆಯಲ್ಪಟ್ಟು ಬೆನ್ನುಹುರಿಗೆ ಪೆಟ್ಟಾಗಬಹುದು. ಅದಕ್ಕೇ ಕೂಸುಗಳ ಸೀಟನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುತ್ತಾರೆ. ಆಗ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಯುರೋಪಿನ ಹೊಸ ಮಾನದಂಡದಂತೆ ಕನಿಷ್ಠ 15 ತಿಂಗಳವರೆಗೆ ಹೀಗೆ ಕೂರಿಸಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ ಸೀಟಿನ ಅಳತೆ ಅನುಮತಿಸುವವರೆಗೂ ಹೀಗೆಯೇ ಇರಲಿ ಎನ್ನುತ್ತದೆ. ಕಾರುಗಳಲ್ಲಿ ಇಂಥ ಸೀಟುಗಳಿಂದ ಒಂದು ವರ್ಷದೊಳಗಿನ ಕೂಸುಗಳ ಸಾವಿನ ಅಪಾಯ ಶೇ 71ರಷ್ಟು, 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 54ರಷ್ಟು ಕಡಿಮೆಯಾಗುತ್ತದೆ ಎಂಬುದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಲೆಕ್ಕ. ಇಷ್ಟು ಪರಿಣಾಮ ಬೀರುವ ಔಷಧಿ ನನ್ನ ಕಪಾಟಿನಲ್ಲಿ ಹೆಚ್ಚಿಲ್ಲ.

ನಾವು ಹಾಗೇ ಬೆಳೆಯಲಿಲ್ಲವೇ?

ಬೆಳೆದೆವು, ನಿಜ. ನಾನೂ ಒಂಬತ್ತು ಮಂದಿ ತುಂಬಿದ ಅಂಬಾಸಿಡರ್‌ನಲ್ಲಿ ಯಾರದೋ ತೊಡೆಯ ಮೇಲೆ ಕುಳಿತು ರಾಣೆಬೆನ್ನೂರಿನ ಮದುವೆಗೆ ಹೋದವನೇ. ಆದರೆ ಆಗಿನ ಪಿ.ಬಿ. ರಸ್ತೆಯಲ್ಲಿ ಎತ್ತಿನ ಗಾಡಿ, ಲಾರಿಗಳ ನಡುವೆ ಆ ಅಂಬಾಸಿಡರ್ ನಲವತ್ತು ಐವತ್ತರ ಮೇಲೆ ಓಡುತ್ತಿರಲಿಲ್ಲ. ಇಂದು ಊರ ಪಕ್ಕದ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನೂರರ ವೇಗ ಯಾರಿಗೂ ವೇಗವೆನಿಸುವುದಿಲ್ಲ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟಾಗುತ್ತದೆ.

ಹಿಂದಿನ ಸೀಟಿನಲ್ಲಿ ಕುಳಿತರೆ ಬೆಲ್ಟ್ ಬೇಡ ಎಂಬ ನಂಬಿಕೆಯೂ ಉಂಟು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಅವರು ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡಾಗ ಐಷಾರಾಮಿ ಕಾರಿನ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಕಾರು ಎಷ್ಟೇ ದುಬಾರಿಯಾದರೂ ಕಟ್ಟಿಕೊಳ್ಳದವರನ್ನು ಅದು ಕಾಯಲಾರದು.

ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಗುವಿನ ಸೀಟಿನಲ್ಲಿ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸ ಇದಲ್ಲ.

ಶೋರೂಮಿಗೆ ಸೀಟು ಹೊತ್ತು ಹೋಗಿ

ನನ್ನ ಮಗಳು ಕೂಸಾಗಿದ್ದಾಗ ನಾನು ಹಾಗೆಯೇ ಮಾಡಿದೆ. ಸೀಟನ್ನು ಹೆಗಲ ಮೇಲೆ ಹೊತ್ತು ಬಂದ ಡಾಕ್ಟರನ್ನು ನೋಡಿ ಮಾರಾಟದ ಹುಡುಗರು ನಕ್ಕರು. ನಾನು ಮನಸ್ಸಿನಲ್ಲೇ ಗೊತ್ತುಮಾಡಿದ್ದ ಕಾರಿನಲ್ಲಿ ಸೀಟು ಕೂತಿತು, ಆದರೆ ಅದರ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಯಿತೆಂದರೆ ನನ್ನ ಹೆಂಡತಿಯ ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು. ಹಿಂದಕ್ಕೆ ಮುಖ ಮಾಡುವ ಸೀಟಿಗೆ ಉದ್ದ ಹೆಚ್ಚು ಬೇಕು. ತೆರಿಗೆ ಕಡಿಮೆಯೆಂದು ನಾಲ್ಕು ಮೀಟರಿನೊಳಗೆ ಕಟ್ಟಿದ ನಮ್ಮ ಕಾರುಗಳಲ್ಲಿ ಇದೇ ದೊಡ್ಡ ತೊಡಕು. ಕಾಗದದ ಮೇಲೆ ಒಂದೇ ಅಳತೆಯ ಎರಡು ಕಾರುಗಳ ಹಿಂಬದಿಯ ಜಾಗ ಬೇರೆ ಬೇರೆಯಾಗಿರುತ್ತದೆ. ಕೂರಿಸಿ ನೋಡದೆ ತಿಳಿಯದು.

ನೀವು ನೋಡಬೇಕಾದದ್ದು ಇನ್ನೂ ಕೆಲವಿದೆ. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗದ ಸಂದಿನಲ್ಲಿ ಐಸೊಫಿಕ್ಸ್ ಎಂಬ ಎರಡು ಲೋಹದ ಕೊಂಡಿಗಳಿವೆಯೇ ಎಂದು ಕೈ ಹಾಕಿ ನೋಡಿ. ಮಗುವಿನ ಸೀಟು ಅದಕ್ಕೆ ಕಚ್ಚಿಕೊಳ್ಳುತ್ತದೆ. ಸೀಟು ಮುಂದಕ್ಕೆ ಮುಗ್ಗರಿಸದಂತೆ ಮೇಲಿನ ಪಟ್ಟಿ ಅಥವಾ ನೆಲಕ್ಕೂರುವ ಕಾಲು ಎಂಬ ಮೂರನೆಯ ಆಧಾರವೂ ಬೇಕು. ಹೊಸ ಕಾರಿಗೆ ಚೆಂದಕ್ಕೆ ಹಾಕಿಸುವ ದಪ್ಪ ಸೀಟ್ ಕವರ್ ಎಷ್ಟೋ ಸಲ ಈ ಕೊಂಡಿಗಳನ್ನೇ ಮುಚ್ಚಿಬಿಡುತ್ತದೆ. ಹಳೆಯ ಕಾರಿನಲ್ಲಿ ಕೊಂಡಿ ಇಲ್ಲದಿದ್ದರೆ ನಿರಾಶರಾಗಬೇಡಿ. ಮೂರು ಕಡೆ ಹಿಡಿಯುವ ಬೆಲ್ಟ್‌ನಿಂದ ಕಟ್ಟುವ ಸೀಟುಗಳೂ ಸಿಗುತ್ತವೆ. ಬೆಲ್ಟ್ ಅದನ್ನು ಸುತ್ತುವಷ್ಟು ಉದ್ದವಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಹಿಂದಕ್ಕೆ ಮುಖ ಮಾಡುವ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ.

ಬಾಗಿಲು ಅಗಲವಾಗಿ ತೆರೆಯಬೇಕು. ತೀರ ತಗ್ಗಾದ ಕಾರಿನೊಳಗೆ ಬಗ್ಗಿ 10 ಕಿಲೋ ಮಗುವನ್ನು ದಿನಕ್ಕೆ ನಾಲ್ಕು ಸಲ ಕೂರಿಸಿ ಎತ್ತಿದರೆ, ಸೊಂಟ ನೋವೆಂದು ನೀವೇ ನನ್ನ ಬಳಿ ಬರುತ್ತೀರಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿ ನೋಡಿ. ಎಲ್ಲರಿಗೂ ಜಾಗವಾಗದ ದಿನ ಇನ್ನೊಬ್ಬರು ಬಸ್ಸಿನಲ್ಲಿ ಬರಲಿ. ಮಗು ಮಾತ್ರ ತೊಡೆಗೆ ಬರುವುದು ಬೇಡ.

2023ರ ಅಕ್ಟೋಬರ್‌ನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ಆರಂಭವಾಗಿದೆ. ಅದರಲ್ಲಿ ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ 49 ಅಂಕ. ಜಾಹೀರಾತಿನಲ್ಲಿ ‘ಐದು ನಕ್ಷತ್ರ’ ಎಂದು ಕಂಡರೆ, ಅದು ಯಾರಿಗೆ ಎಂದು ಕೇಳಿ.

ಖುಷಿ ಎಲ್ಲಿದೆ?

ಒಳ್ಳೆಯ ಬ್ರೇಕ್, ಹೇಳಿದಂತೆ ಕೇಳುವ ಸ್ಟೀರಿಂಗ್, ತಿರುವಿನಲ್ಲಿ ಓಲಾಡದ ಮೈಕಟ್ಟು, ಜಾರುವಾಗ ಹಿಡಿತ ಕೊಡುವ ವ್ಯವಸ್ಥೆ: ಓಡಿಸುವವನಿಗೆ ಖುಷಿ ಕೊಡುವ ಈ ಗುಣಗಳೇ ಅಪಘಾತ ತಪ್ಪಿಸುವ ಗುಣಗಳೂ ಹೌದು. ಆದ್ದರಿಂದ ಚೆನ್ನಾಗಿ ಓಡುವ ಕಾರನ್ನು ಬಯಸುವ ತಂದೆ ತಾಯಿ ತಪ್ಪು ಮಾಡುತ್ತಿಲ್ಲ. ತಪ್ಪಾಗುವುದು ಖುಷಿಯನ್ನು ವೇಗದ ಮುಳ್ಳಿನಲ್ಲಿ ಅಳೆದಾಗ. ಎರಡು ವರ್ಷ ದಾಟಿದ ಮಕ್ಕಳಿಗೆ ಪ್ರಯಾಣದ ವಾಂತಿ ಸಾಮಾನ್ಯ. ಗಕ್ಕನೆ ಬ್ರೇಕ್ ಹಾಕಿ, ತಿರುವಿನಲ್ಲಿ ಎಳೆದಾಡಿ ಓಡಿಸಿದರೆ ಆಗುಂಬೆ ಘಾಟಿಯ ಮೂರನೇ ತಿರುವಿಗೆ ಮಗು ನಿಮ್ಮ ಮಜಾಕ್ಕೆ ಉತ್ತರ ಕೊಡುತ್ತದೆ! ಹಿಂದೆ ಮಗು ಮಲಗಿರುವಾಗ ಅದರ ತಲೆ ಅಲುಗದಂತೆ ತಿರುವು ದಾಟಿಸುವುದು ನುರಿತ ಚಾಲಕನ ಕೆಲಸ. ಒಮ್ಮೆ ಪ್ರಯತ್ನಿಸಿ, ಅದರ ಖುಷಿ ಬೇರೆಯೇ.

ಸನ್‌ರೂಫ್ ಬಗ್ಗೆ ಒಂದು ಮಾತು. ಓಡುವ ಕಾರಿನ ಮೇಲೆ ತಲೆ ಹೊರಗೆ ಹಾಕಿ ನಿಂತ ಮಕ್ಕಳನ್ನು ನಮ್ಮ ರಿಂಗ್ ರಸ್ತೆಯಲ್ಲೂ ಕಾಣುತ್ತೇನೆ, ಎದೆ ಝಲ್ಲೆನ್ನುತ್ತದೆ. ಆ ಗಾಜಿಗೆ ಕೊಡುವ ಹೆಚ್ಚುವರಿ ಹಣದಲ್ಲಿ ಒಂದು ಒಳ್ಳೆಯ ಮಗುವಿನ ಸೀಟು ಬರುತ್ತದೆ.

ಐದನೇ ದಿನ ಹೊಲಿಗೆ ಬಿಚ್ಚಿಸಲು ಆ ದಂಪತಿ ಬಂದರು. ಕಾರಿನಲ್ಲಿ ಹೊಸ ಸೀಟಿತ್ತು. ಹಿಂದಕ್ಕೆ ಮುಖ ಮಾಡಿ ಕೂರಿಸಿದ್ದರಿಂದ ಮುಂದೆ ಕೂರಲು ಜಾಗ ಸಾಲದೆ ತಾಯಿ ಮಗುವಿನ ಪಕ್ಕದಲ್ಲೇ ಕುಳಿತಿದ್ದರು. ‘ಮೂರು ದಿನ ಒಂದೇ ಸಮ ಅತ್ತಿತು, ಬಿಚ್ಚಿಬಿಡೋಣ ಅನ್ನಿಸ್ತು’ ಎಂದರು ಆಕೆ. ಬಿಚ್ಚದೆ ಇದ್ದುದಕ್ಕೆ ಶಹಬ್ಬಾಸ್ ಎಂದೆ. ಚುಚ್ಚುಮದ್ದಿಗೂ ಮಗು ಅಳುತ್ತದೆ. ಅತ್ತಿತೆಂದು ಪೋಲಿಯೊ, ದಡಾರದ ಲಸಿಕೆಯನ್ನು ನಾವು ಬಿಡುತ್ತೇವೆಯೇ?