ಉಪ್ಪಿನಕಾಯಿ ತಂದ ಸುದ್ದಿ

ಕಚೇರಿಯಲ್ಲಿ ಪ್ರಯಾಣಭತ್ಯೆಯ ಬಿಲ್ಲುಗಳನ್ನು ನೋಡಿ ನೋಡಿ ಬೇಸತ್ತ ನಮಗೆ ಒಂದು ಬಿಲ್ಲು ಮಾತ್ರ ಬಹಳ ಪ್ರಿಯ.

ಬ್ರಿಟಿಷ್ ನೌಕಾಪಡೆಯ ‘ಪಿಕಲ್’ ಒಂದು ಪುಟ್ಟ ಹಾಯಿಹಡಗು. ಹೆಸರೇ ಉಪ್ಪಿನಕಾಯಿ, ಎಲೆಯ ಮೂಲೆಯೇ ಅದರ ಸ್ಥಾನ. 1805ರ ಅಕ್ಟೋಬರ್ 21ರ ಟ್ರಫಾಲ್ಗರ್ ಕಾಳಗದಲ್ಲೂ ಅದು ಬದಿಗೇ ಇದ್ದಿತು. ಆದರೆ ಫ್ರೆಂಚರ ‘ಅಶೀಲ್’ ಹೊತ್ತಿ ಉರಿದಾಗ, ನೀರಿಗೆ ಬಿದ್ದ ಶತ್ರುಗಳನ್ನು ಎತ್ತಿಕೊಂಡಿತು. ಬಳಿಕ ಗೆಲುವನ್ನೂ ನೆಲ್ಸನ್ನನ ಮರಣವನ್ನೂ ಒಂದೇ ಲಕೋಟೆಯಲ್ಲಿ ಹೊತ್ತು ನವೆಂಬರ್ 4ರಂದು ಫಾಲ್ಮತ್ ಮುಟ್ಟಿತು. ಅಲ್ಲಿಂದ ಅದರ ನಾಯಕ ಲ್ಯಾಪೆನೋಟಿಯರ್ 21 ಕಡೆ ಕುದುರೆ ಬದಲಿಸಿ ಲಂಡನ್ನಿಗೆ ಧಾವಿಸಿದ. ಬಿಲ್ಲು: 46 ಪೌಂಡ್ 19 ಶಿಲಿಂಗ್ 1 ಪೆನ್ನಿ!

1808ರಲ್ಲಿ ಕಾಡಿಜ್ ಬಳಿ ಹಡಗು ಒಡೆಯಿತು, ಜನರೆಲ್ಲ ಉಳಿದರು.

ಊರಿನ ಕಾಗದ ಒಡೆಯುವಾಗ ನಮ್ಮ ಹಿರಿಯರ ಕೈ ಏಕೆ ನಡುಗುತ್ತಿತ್ತೆಂದು ಈಗ ನಮಗೆ ಅರ್ಥವಾಗುತ್ತದೆ.