‘ನಮ್ಮ ಜನ ಅಂಥವರಲ್ಲ’

ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು. ಆಫೀಸಿನಲ್ಲಿ ಯಾರಾದರೂ ‘ನಿಮ್ಮ ಸೌತಿನವರು ಬಿಡಿ, ಅಂಥವರಲ್ಲ’ ಅಂದರೆ ನನಗೆ ಈಗಲೂ ಒಳಗೊಳಗೇ ಖುಷಿ. ಆ ಖುಷಿಯ ಮೇಲೆ ಗುಮಾನಿ ಹುಟ್ಟಿದ್ದು ವಿಟ್‌ಗೆನ್‌ಸ್ಟೈನ್ ಬಗ್ಗೆ ಓದಿದ ಮೇಲೆ.

1939ರ ನವೆಂಬರ್ 8ರಂದು ಮ್ಯೂನಿಕ್‌ನಲ್ಲಿ ಹಿಟ್ಲರನಿಗೆ ಇಟ್ಟ ಬಾಂಬು ಸಿಡಿಯಿತು, ಅವನು ಸ್ವಲ್ಪದರಲ್ಲಿ ತಪ್ಪಿಸಿಕೊಂಡ. ಇದು ಬ್ರಿಟಿಷರದೇ ಕೈವಾಡ ಅಂತ ಜರ್ಮನಿ ಕೂಗೆಬ್ಬಿಸಿತು. ಕೇಂಬ್ರಿಡ್ಜಿನಲ್ಲಿ ಗುರುವಿನ ಜೊತೆ ವಾಕಿಂಗ್ ಹೊರಟಿದ್ದ ಶಿಷ್ಯ ನಾರ್ಮನ್ ಮಾಲ್ಕಮ್, ಛೇ, ಅಂಥ ಕೆಲಸ ಬ್ರಿಟಿಷರ ರಾಷ್ಟ್ರೀಯ ಗುಣಕ್ಕೇ ಒಗ್ಗುವುದಿಲ್ಲ ಅಂದುಬಿಟ್ಟ. ವಿಟ್‌ಗೆನ್‌ಸ್ಟೈನ್‌ಗೆ ಎಲ್ಲಿಲ್ಲದ ಸಿಟ್ಟು. ಜೊತೆಗೆ ವಾಕಿಂಗ್ ಹೋಗುವುದನ್ನೇ ನಿಲ್ಲಿಸಿದರು!

ತಮಾಷೆ ಏನೆಂದರೆ ಇದೇ ಮನುಷ್ಯ 1914ರಲ್ಲಿ, ಆಸ್ಟ್ರಿಯಾದ ಸೈನಿಕನಾಗಿ ವಿಸ್ಟುಲಾ ನದಿಯ ದೋಣಿಯಲ್ಲಿದ್ದಾಗ, ತನ್ನ ಗುಟ್ಟಿನ ಡೈರಿಯಲ್ಲಿ ಅಂಥದ್ದೇ ಮಾತು ಬರೆದಿದ್ದರು. ಅಕ್ಷರಮಾಲೆಯನ್ನು ತಿರುಗಿಸಿ, ಎ ಬದಲು ಝಡ್ ಹಾಕಿ ಬರೆದ ಡೈರಿ ಅದು. ಇಂಗ್ಲಿಷರು ಜಗತ್ತಿನಲ್ಲೇ ಶ್ರೇಷ್ಠ ಕುಲ, ಅವರು ಸೋಲಲಾರರು, ಸೋಲುವುದು ನಾವೇ ಅಂತ ಆ ಅಕ್ಟೋಬರಿನಲ್ಲಿ ಸಂಕಟಪಟ್ಟಿದ್ದಾರೆ. ಶತ್ರುವನ್ನು ಹೊಗಳಿದ್ದು ದೊಡ್ಡತನವೇ. ಆದರೆ ಯೋಚನೆಯ ದಾರಿ ಶಿಷ್ಯನದೇ. ಶಿಷ್ಯನಲ್ಲಿ ಅವರು ಕಂಡದ್ದು ತಮ್ಮ ಹಳೇ ರೋಗವನ್ನೇ ಇರಬೇಕು ಅನ್ನುವುದು ನನ್ನ ಊಹೆ.

ಯುದ್ಧ ಶುರುವಾದ ದಿನ ಎರಡೂ ಕಡೆಯ ಮನೆಗಳಲ್ಲಿ ‘ನಮ್ಮವರು ಅಂಥವರಲ್ಲ’ ಅನ್ನುವ ಮಾತೇ ಕೇಳುತ್ತದೆ. ನಮ್ಮ ಸರ್ಕಾರ ನಮ್ಮ ಹೆಸರಲ್ಲಿ ಏನು ಮಾಡುತ್ತಿದೆ ಅಂತ ವಿಚಾರಿಸುವ ಶ್ರಮ ಅಲ್ಲಿಗೆ ಮುಗಿಯಿತು. ಶಾಂತಿ ಬೇಕು ಅನ್ನುವವರೂ ಈ ಮಾತಿನ ಹತ್ತಿರ ಬಂದು ನಿಂತುಬಿಡುತ್ತಾರೆ, ನಾನೂ ಸೇರಿ.

ವಿಟ್‌ಗೆನ್‌ಸ್ಟೈನ್ ಐದು ವರ್ಷವಾದರೂ ಅದನ್ನು ಮರೆಯಲಿಲ್ಲ. 1944ರ ನವೆಂಬರಿನಲ್ಲಿ, ಅಮೆರಿಕದ ನೌಕಾಪಡೆ ಸೇರಿದ್ದ ಮಾಲ್ಕಮ್‌ಗೆ ಕಾಗದ ಬರೆದರು. ದಿನನಿತ್ಯದ ದೊಡ್ಡ ಪ್ರಶ್ನೆಗಳಲ್ಲಿ ನೆಟ್ಟಗೆ ಯೋಚಿಸಲು ಕಲಿಸದಿದ್ದರೆ ಫಿಲಾಸಫಿ ಓದಿ ಏನು ಬಂತು ಅನ್ನುವುದು ಅದರ ತಾತ್ಪರ್ಯ.

ಮ್ಯೂನಿಕ್ ಬಾಂಬು ಇಟ್ಟವನು ಗೆಯಾರ್ಗ್ ಎಲ್ಸರ್ ಎಂಬ ಬಡಗಿ, ಒಬ್ಬನೇ. ಹಾಗೆ ನೋಡಿದರೆ ಮಾಲ್ಕಮ್ ಹೇಳಿದ್ದು ನಿಜವಾಯಿತು. ಆದರೆ ಆ ಕಾಗದ ಬಂದ 1944ರಲ್ಲೇ ಬ್ರಿಟಿಷ್ ಗೂಢಪಡೆ ಹಿಟ್ಲರನನ್ನು ಕೊಲ್ಲಲು ‘ಫಾಕ್ಸ್‌ಲೀ’ ಎಂಬ ಯೋಜನೆ ಹಾಕುತ್ತಿತ್ತು. ಕೈಬಿಟ್ಟರು ನಿಜ. ಅವನು ಬದುಕಿದ್ದು ತಪ್ಪು ಮಾಡುತ್ತಾ ಇದ್ದರೇ ನಮಗೆ ಲಾಭ ಅಂತ ಅವರಲ್ಲೇ ಕೆಲವರ ವಾದವಿತ್ತು. ಆ ಕಡತಗಳು ಹೊರಬಂದದ್ದು 1998ರಲ್ಲಿ. ಗುರು ತೀರಿಕೊಂಡು ಆಗಲೇ 47 ವರ್ಷವಾಗಿತ್ತು.