500 ಪೌಂಡಿನ ಕಿಟಕಿ

ಮಕ್ಕಳೇ, ಈ ವಾರ ಲಂಡನ್ನಿನ ಒಬ್ಬ ನರ್ಸಮ್ಮನ ಕಥೆ. ಅಜ್ಜ ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೂ ಓದಿ ಹೇಳಿ.

ಸಿಸಿಲಿ ಸಾಂಡರ್ಸ್ ಹುಟ್ಟಿದ್ದು 1918ರಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗ ಆಕ್ಸ್‌ಫರ್ಡ್‌ನ ಓದು ಬಿಟ್ಟು ನರ್ಸಿಂಗ್ ಕಲಿಯಲು ಹೋದರು. ಕೆಲಸವೇನೋ ಮನಸ್ಸಿಗೆ ಹಿಡಿಸಿತು, ಬೆನ್ನು ಮಾತ್ರ ಒಪ್ಪಲಿಲ್ಲ. ಬೆನ್ನುನೋವು ಹೆಚ್ಚಾಗಿ ನರ್ಸ್ ಕೆಲಸ ಬಿಡಬೇಕಾಯಿತು. ಆಮೇಲೆ ಆಸ್ಪತ್ರೆಯಲ್ಲೇ ರೋಗಿಗಳ ಮನೆಯ ಕಷ್ಟ, ಹಣದ ತಾಪತ್ರಯ ವಿಚಾರಿಸುವ ಕೆಲಸಕ್ಕೆ ಸೇರಿದರು.

ಅಲ್ಲಿ ಸಿಕ್ಕವರು ಡೇವಿಡ್ ಟಾಸ್ಮಾ. ಪೋಲೆಂಡಿನಿಂದ ಬಂದ ಯಹೂದಿ, ಹೋಟೆಲಿನಲ್ಲಿ ಮಾಣಿ. ವಯಸ್ಸು 40, ವಾಸಿಯಾಗದ ಕ್ಯಾನ್ಸರ್, ನೋಡಿಕೊಳ್ಳಲು ಹತ್ತಿರದವರಿಲ್ಲ. ಕೊನೆಗಾಲದ ರೋಗಿಗಳು ನೋವಿಲ್ಲದೆ, ತಮ್ಮವರ ನಡುವೆ ಇರುವಂಥ ಮನೆಯೊಂದು ಬೇಕೆಂದು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. 1948ರಲ್ಲಿ ಅವರು ತೀರಿಕೊಂಡರು. ಆ ಮನೆಗೆ ತಾನೊಂದು ಕಿಟಕಿಯಾಗುತ್ತೇನೆಂದು ಸಿಸಿಲಿಗೆ 500 ಪೌಂಡ್ ಬಿಟ್ಟುಹೋಗಿದ್ದರು. ಬ್ಯಾಂಕಿನಲ್ಲಿ ಠೇವಣಿ ರಸೀದಿ ಬರೆದೇ ಕೂದಲು ನರೆತವನು ನಾನು. ಇಷ್ಟು ಬೆಳೆದ ಠೇವಣಿ ಕಂಡಿಲ್ಲ.

ಬಿಡುವಿನಲ್ಲಿ ಸಿಸಿಲಿ ಸೇಂಟ್ ಲ್ಯೂಕ್ಸ್ ಎಂಬಲ್ಲಿ ಸಂಬಳವಿಲ್ಲದೆ ಸೇವೆಗೆ ಹೋಗುತ್ತಿದ್ದರು. ಆಗೆಲ್ಲ ಸಾಮಾನ್ಯವಾಗಿ ನೋವು ತಡೆಯಲಾರದೆ ರೋಗಿ ಅಂಗಲಾಚಿದ ಮೇಲೆಯೇ ಮಾರ್ಫಿನ್ ಕೊಡುತ್ತಿದ್ದದ್ದು. ಚಟವಾಗಿಬಿಟ್ಟೀತು ಎಂಬ ಭಯ. ಸೇಂಟ್ ಲ್ಯೂಕ್ಸ್‌ನ ನರ್ಸುಗಳು ಗಡಿಯಾರ ನೋಡಿ, ನೋವು ಮರಳುವ ಮೊದಲೇ ಕೊಡುತ್ತಿದ್ದರು. ಹಾಲು ಉಕ್ಕುವ ಮುಂಚೆಯೇ ಅಜ್ಜಿ ಉರಿ ತಗ್ಗಿಸುವುದಿಲ್ಲವೇ, ಹಾಗೆ. ರೋಗಿ ಬೇಡಬೇಕಾಗಿರಲಿಲ್ಲ; ಎದ್ದು ಕೂತು ಮಾತಾಡಬಲ್ಲವರಾಗುತ್ತಿದ್ದರು.

ಇದನ್ನು ಎಲ್ಲೆಡೆ ತರಬೇಕಲ್ಲ? ನರ್ಸ್ ಹೇಳಿದರೆ ಯಾರೂ ಕೇಳುವುದಿಲ್ಲ, ನೀವೇ ಡಾಕ್ಟರಿಕೆ ಓದಿ ಎಂದರು ಒಬ್ಬ ಸರ್ಜನ್. ನರ್ಸ್ ಮಾತಿಗೆ ಬೆಲೆಯಿಲ್ಲವೆಂಬುದು ನನಗಂತೂ ಸಿಟ್ಟು ತರಿಸುತ್ತದೆ. ಸಿಸಿಲಿ ಸಿಟ್ಟಾಗುತ್ತಾ ಕೂರಲಿಲ್ಲ. 33ನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿ, 1957ರಲ್ಲಿ ಡಾಕ್ಟರ್ ಆದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ಕಿಟಕಿಯ ದುಡ್ಡು ಬಂದ 19 ವರ್ಷಕ್ಕೆ ಮನೆ! ಟಾಸ್ಮಾ ಹೆಸರಿನ ಕಿಟಕಿ ಅಲ್ಲಿದೆ. 2005ರಲ್ಲಿ ಸಿಸಿಲಿ ಕಣ್ಣುಮುಚ್ಚಿದ್ದೂ ಅದೇ ಮನೆಯಲ್ಲಿ.

ನಮ್ಮ ದೇಶದ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಅವೇದನಾ. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ, ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಈ ಕೆಲಸದ ನರ್ಸುಗಳು ಮನೆಗಳಿಗೂ ಹೋಗುತ್ತಾರೆ. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ಕೇಳುತ್ತಾರೆ. ಅಂಕಿ ಹೇಳಲು ಬಾರದ ಪುಟ್ಟ ಮಕ್ಕಳಿಗೆ ಆರು ಮುಖಗಳ ಚಿತ್ರ ತೋರಿಸುವುದುಂಟು. ನಗುವ ಮುಖದಿಂದ ಅಳುವ ಮುಖದವರೆಗೆ. ಆ ಚಿತ್ರಗಳನ್ನು ಜೊತೆಗಾರ್ತಿಯೊಂದಿಗೆ ರೂಪಿಸಿದ ಡೊನ್ನಾ ವಾಂಗ್ ಕೂಡ ನರ್ಸೇ.

ಕಷ್ಟವಿರುವುದು ನಮ್ಮಂಥ ಮುದುಕರ ಹತ್ತಿರ. ಎಷ್ಟು ನೋವು ಎಂದರೆ, “ಏನಿಲ್ಲಮ್ಮ, ಚೆನ್ನಾಗಿದ್ದೀನಿ” ಅಂದುಬಿಡುತ್ತೇವೆ. ಪಳಗಿದ ನರ್ಸಮ್ಮ ಅದನ್ನು ಬರೆದುಕೊಳ್ಳುವುದಿಲ್ಲ. ಮಗ್ಗುಲು ಬದಲಿಸುವಾಗ ನಮ್ಮ ಮುಖ ನೋಡುತ್ತಾರೆ.